ಬಡಗಣ ಓಣಿಯ ದಾರಿಗಾತಿ

ಮೂರು ದೊರೆತನಗಳ ನಡುವಿನ ನೀರಿನಲ್ಲಿ ಒಂದು ದ್ವೀಪವಿತ್ತು. ಬಡಗಣ ದೊರೆಯ ಬಳಿ ಕುದುರೆಗಳಿದ್ದವು. ತೆಂಕಣ ದೊರೆಯ ಬಳಿ ತುಂಬಿದ ಕಣಜಗಳಿದ್ದವು. ಪಡುವಣದವರ ಬಳಿ ಬೆಂಕಿ ಉಗುಳುವ ಹಡಗುಗಳಿದ್ದವು. ದ್ವೀಪದವರ ಬಳಿ ಇದ್ದದ್ದು ಉಪ್ಪು, ಒಣಮೀನು, ಸಿಹಿನೀರಿನ ಒಂದೇ ಒಂದು ಬಾವಿ, ಮತ್ತು ಯಾವ ಗಾಳಿಯೂ ಒಳಗೆ ನುಗ್ಗಲಾರದ ಆಳವಾದ ಒಂದು ಬಂದರು. ಆ ಬಂದರು ಮೂವರಿಗೂ ಬೇಕಿತ್ತು. ಒಬ್ಬರ ಕೈಗೆ ಅದು ಸಿಕ್ಕಿತೆಂದರೆ ಉಳಿದಿಬ್ಬರು ಕಣ್ಣು ಮುಚ್ಚಿ ಮಲಗುವಂತಿರಲಿಲ್ಲ.

ಹೀಗಿದ್ದೂ ದ್ವೀಪ ಯಾರ ಕೈಗೂ ಸಿಕ್ಕದೆ ಉಳಿದಿತ್ತು. ಅದರ ಸುತ್ತ ಶಂಖದ ದನಿ ಕೇಳುವಷ್ಟು ದೂರದವರೆಗೂ ನೀರಿನಡಿಯಲ್ಲಿ ಬಂಡೆಗಳು ಹಲ್ಲು ಕಿರಿದುಕೊಂಡು ಕೂತಿದ್ದವು. ಆ ಬಂಡೆಗಳ ನಡುವೆ ಮೂರೇ ಮೂರು ದಾರಿ. ಅವನ್ನು ದ್ವೀಪದವರು ಓಣಿಗಳೆಂದು ಕರೆಯುತ್ತಿದ್ದರು: ಬಡಗಣ ಓಣಿ, ತೆಂಕಣ ಓಣಿ, ಪಡುವಣ ಓಣಿ. ಒಂದೊಂದು ಓಣಿಯೂ ಒಂದೊಂದು ಮನೆಗೆ ಸೇರಿದ್ದು. ಆ ಮನೆಯಲ್ಲಿ ಒಂದು ತಲೆಮಾರಿಗೆ ಒಬ್ಬರಿಗೆ ಮಾತ್ರ ಅದರ ತಿರುವುಗಳು ಗೊತ್ತು. ಒಂದು ಓಣಿ ಬಲ್ಲವರು ಇನ್ನೊಂದರ ಮಾತೆತ್ತುವಂತಿಲ್ಲ.

ಮೂರೂ ಓಣಿಗಳ ಹೊರಬಾಯಿಯಲ್ಲಿ ಒಂದೊಂದು ಕೊನೆಬಂಡೆ. ಬಂದ ಹಡಗು ಅಲ್ಲಿ ನಿಂತು ಮೂರು ಸಲ ಶಂಖ ಊದಬೇಕು. ಆಗ ದಾರಿ ಬಲ್ಲವರು ಹಡಗು ಹತ್ತಿ ಬಂದರಿಗೆ ಕರೆತರುತ್ತಾರೆ. ಯಾವ ದೊರೆಯ ಹಡಗು, ಹೊಟ್ಟೆಯಲ್ಲಿ ಏನು ತುಂಬಿದೆ ಎಂದು ಕೇಳುವಂತಿಲ್ಲ. ಹಡಗು ಹೊರಡುವಾಗ ಮತ್ತೆ ಅವರೇ ಕೊನೆಬಂಡೆಯವರೆಗೆ ಬಿಟ್ಟು ಅಲ್ಲಿ ಇಳಿದುಬಿಡಬೇಕು. ಕೊನೆಬಂಡೆಯಿಂದಾಚೆಗೆ ಅವರ ಕಾಲು ಹೋಗಬಾರದು. ಇಳಿದ ಮೇಲೆ ಬಂಡೆಯ ಮೇಲೆ ಮೊಣಕಾಲೂರಿ ಮೂರು ಬೊಗಸೆ ನೀರೆತ್ತಿ, ಮೂರನ್ನೂ ಮರಳಿ ಕಡಲಿಗೆ ಬಿಡಬೇಕು.

"ಕಂಡದ್ದು ನೀರಿಗೆ. ಕೇಳಿದ್ದು ನೀರಿಗೆ. ಬೇಕೆನಿಸಿದ್ದು ನೀರಿಗೆ."

ಇದು ದ್ವೀಪದ ಕಟ್ಟಳೆ. ಇಷ್ಟನ್ನು ಬಿಟ್ಟರೆ ಅದಕ್ಕೆ ಕೋಟೆಯಿರಲಿಲ್ಲ, ದಂಡಿರಲಿಲ್ಲ.

ಬಡಗಣ ಓಣಿಯ ದಾರಿಗಾತಿಯ ಹೆಸರು ಬೊಮ್ಮಿ. ಅವಳಿಗೆ ಓಣಿಯನ್ನು ಕೊಟ್ಟವಳು ಅವಳ ತಾಯಿ. ಹನ್ನೊಂದು ತಿರುವುಗಳನ್ನೂ ಮಗಳ ಬೆನ್ನಿನ ಮೇಲೆ ಬೆರಳಿನಿಂದ ಬರೆದು ಬರೆದು ಕಲಿಸಿದ್ದಳು. ಬಾಯಲ್ಲಿ ಹೇಳಿದರೆ ಗೋಡೆ ಕೇಳೀತು ಎಂಬ ಹೆದರಿಕೆ ಅವಳಿಗೆ. ಸಾಯುವ ಹಿಂದಿನ ದಿನ ಮಾತ್ರ ಬಾಯಿ ಬಿಟ್ಟು ಒಂದು ಮಾತು ಹೇಳಿದಳು.

"ಮೂರನೇ ಬೊಗಸೆ ಎತ್ತುವಾಗ ಬೆರಳು ಬಿಗಿಯಾಗಿ ಹಿಡಿ, ಮಗಾ. ಅದು ಸೋರಿಹೋಗೋದು ಜಾಸ್ತಿ. ಸೋರಿದ್ದು ಬಂಡೆ ಮೇಲೇ ಉಳಿದುಬಿಡುತ್ತೆ."

ಆಗ ಬೊಮ್ಮಿಗೆ ಅದು ಅರ್ಥವಾಗಿರಲಿಲ್ಲ. ಕೊನೆಬಂಡೆಯ ಮೇಲೆ ಒಬ್ಬಳೇ ಕೂತು ಹಡಗಿಗಾಗಿ ಕಾಯುವುದು ರೂಢಿಯಾದಂತೆ ನಿಧಾನವಾಗಿ ಅರ್ಥವಾಯಿತು. ಆಕಾಶ ತಿಳಿಯಾಗಿದ್ದ ದಿನ ಅಲ್ಲಿಂದ ಬಡಗಣ ದಡ ಕಾಣುತ್ತಿತ್ತು. ಕಣ್ಣಿಗೆ ಕಾಡಿಗೆ ತೀಡಿದಷ್ಟು ತೆಳುವಾದ ಗೆರೆ. ಹಡಗುಗಳು ಆ ಗೆರೆಯಿಂದ ಬಂದು ಆ ಗೆರೆಗೇ ಹೋಗುತ್ತಿದ್ದವು. ಅವುಗಳ ಹಾಯಿ ಕರಗುವವರೆಗೂ ಅವಳು ನೋಡುತ್ತ ನಿಂತಿರುತ್ತಿದ್ದಳು. ಆಮೇಲೆ ತನ್ನ ಪುಟ್ಟ ದೋಣಿಯ ಹುಟ್ಟು ಹಾಕುತ್ತ ಮನೆಗೆ ಬರುತ್ತಿದ್ದಳು.

ಬಡಗಣದಿಂದ ಎಣ್ಣೆ, ಮೆಣಸು ಹೇರಿಕೊಂಡು ಬರುತ್ತಿದ್ದ ಒಂದು ಹಡಗಿನಲ್ಲಿ ಒಬ್ಬ ಚುಕ್ಕಾಣಿಗನಿದ್ದ. ಹೆಚ್ಚು ಮಾತಿನವನಲ್ಲ. ದಾರಿಗಾತಿ ಪಕ್ಕದಲ್ಲಿ ನಿಂತು "ಎಡಕ್ಕೆ", "ಹಿಡಿ", "ಬಿಡು" ಎಂದರೆ ಹೇಳಿದಷ್ಟೇ ಮಾಡುತ್ತಿದ್ದ. ಉಳಿದ ಚುಕ್ಕಾಣಿಗರು ಓಣಿಯುದ್ದಕ್ಕೂ ನೀರನ್ನೇ ಕಳ್ಳನೋಟದಿಂದ ನೋಡುತ್ತಿದ್ದರೆ, ಇವನು ಅವಳ ಮುಖ ನೋಡುತ್ತಿದ್ದ. ಮೊದಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ, ಅವನ ಹಡಗಿನ ಶಂಖ ಕೇಳಿದ ದಿನ ತಲೆ ಬಾಚಿಕೊಂಡು ಹೊರಡುವುದು ಅಭ್ಯಾಸವಾಯಿತು.

ಒಂದು ದಿನ ಅವನು ತನ್ನ ಊರು ನದಿಯ ದಡದಲ್ಲಿದೆ ಎಂದ.

"ನದಿ ಅಂದರೆ?" ಎಂದು ಕೇಳಿದಳು. ದ್ವೀಪದಲ್ಲಿ ಹಳ್ಳವೂ ಇರಲಿಲ್ಲ.

ಅವನು ಸ್ವಲ್ಪ ಯೋಚನೆ ಮಾಡಿ ಹೇಳಿದ. "ಒಂದೇ ಕಡೆ ಹೋಗುವ ನೀರು."

"ಸಂಜೆಗೆ ವಾಪಸ್ ಬರುತ್ತಲ್ಲ?"

"ಇಲ್ಲ."

"ಹುಣ್ಣಿಮೆಗೆ?"

"ಹುಣ್ಣಿಮೆಗೂ ಇಲ್ಲ. ಹೋದರೆ ಹೋಯಿತು."

ಬೊಮ್ಮಿ ನಕ್ಕುಬಿಟ್ಟಳು. ಅವಳಿಗೆ ಗೊತ್ತಿದ್ದ ನೀರೆಲ್ಲ ಹೋಗಿ ಬರುವಂಥದ್ದೇ. ಅಂದು ಕೊನೆಬಂಡೆಯಲ್ಲಿ ಇಳಿದು ಮೂರನೆಯ ಬೊಗಸೆ ಎತ್ತುವಾಗ ಅದು ಬೆರಳ ಸಂದಿಯಿಂದ ಸೋರಿತು. ವಾಪಸ್ ಬರುವ ಗೋಜೇ ಇಲ್ಲದೆ ಹೋಗುತ್ತಲೇ ಇರುವ ನೀರು! ಅದನ್ನೊಮ್ಮೆ ನೋಡಬೇಕೆನಿಸಿತು. ನೋಡಬೇಕೆನಿಸಿದ್ದನ್ನು ನೀರಿಗೆ ಬಿಟ್ಟಳು. ಮುಂದಿನ ಸಲ ಅವನು ಬಂದಾಗ ಅದು ಮತ್ತೆ ಹಾಗೇ ಇತ್ತು.

ಹೀಗೆ ಏಳೆಂಟು ವರ್ಷ ನಡೆಯಿತು. ಅವನು ನದಿಯ ಬಗ್ಗೆ ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು. ನದಿಯ ದಡದಲ್ಲಿ ಬಟ್ಟೆ ಒಗೆಯುವವರು, ಎಮ್ಮೆ ಮೀಯಿಸುವವರು, ತೆಪ್ಪದ ಮೇಲೆ ಕೂತು ಜಗಳವಾಡುತ್ತಲೇ ಆಚೆ ದಡ ಮುಟ್ಟಿಬಿಡುವ ಗಂಡಹೆಂಡಿರು. ಅವರ ಹೆಸರುಗಳೂ ಅವಳಿಗೆ ಬಾಯಿಪಾಠವಾದವು. ಅವನ ಹೆಸರು ಮಾತ್ರ ಗೊತ್ತಿರಲಿಲ್ಲ. ಹಡಗಿನವರ ಹೆಸರು ಕೇಳುವುದು ಕಟ್ಟಳೆಗೆ ವಿರುದ್ಧ.

ಒಂದು ಬೇಸಿಗೆಯಲ್ಲಿ ಅವಳಿಗೆ ಕಣ್ಣು ಬೇನೆ ಬಂತು. ರೆಪ್ಪೆ ಬಿಡಿಸಲು ಆಗುತ್ತಿರಲಿಲ್ಲ. ಶಂಖ ಕೇಳಿದಾಗ ಮನೆಯಲ್ಲಿ ಉಳಿಯಬಹುದಿತ್ತು. ಹಡಗು ನಾಲ್ಕು ದಿನ ಹೊರಗೇ ಕಾಯುತ್ತಿತ್ತು, ಅಷ್ಟೆ. ಆದರೆ ಅದು ಅವನ ಹಡಗಿನ ಶಂಖ. ಕೈಯಳತೆಯಲ್ಲೇ ದೋಣಿ ನಡೆಸಿಕೊಂಡು ಹೋಗಿ ಹಡಗು ಹತ್ತಿದಳು. ಮೂರು ತಿರುವು ದಾಟಿದ ಮೇಲೆ ಬಿಸಿಲಿಗೆ ಕಣ್ಣುರಿ ಹೆಚ್ಚಾಗಿ ತಲೆ ಸುತ್ತಿತು. ಅವನ ಪಕ್ಕದಲ್ಲೇ ಹಲಗೆಗೆ ಒರಗಿ ಕೂತುಬಿಟ್ಟಳು. ನಾಲ್ಕನೆಯ ತಿರುವು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಡಗು ತಾನಾಗಿ ಬಲಕ್ಕೆ ಹೊರಳಿತು. ಐದನೆಯದು, ಆರನೆಯದು. ಹನ್ನೊಂದನೆಯ ತಿರುವು ಕಳೆದು ಬಂದರಿನ ನಿಂತ ನೀರಿನ ವಾಸನೆ ಮೂಗಿಗೆ ಬಡಿದಾಗ ಅವಳು ಕೇಳಿದಳು.

"ಯಾವಾಗಿನಿಂದ ಗೊತ್ತು?"

"ನಾಲ್ಕು ವರ್ಷ ಆಯಿತು."

"ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ. ಹೇಳೋದೂ ಇಲ್ಲ."

"ನೀರನ್ನು ನೋಡುತ್ತಲೇ ಇರಲಿಲ್ಲವಲ್ಲ ನೀನು!"

"ತಿರುವು ಬರುವ ಮುಂಚೆ ನೀನು ಕೆಳತುಟಿ ಕಚ್ಚುತ್ತೀಯ" ಎಂದ ಅವನು. "ಎಡಕ್ಕಾದರೆ ಎಡತುದಿ. ಬಲಕ್ಕಾದರೆ ಬಲತುದಿ."

ಓಣಿ ಕಲಿತ ಹೊರಗಿನವನನ್ನು ಕೊನೆಬಂಡೆಯಿಂದ ನೀರಿಗೆ ಕೊಡಬೇಕು ಎಂಬುದೂ ಕಟ್ಟಳೆಯೇ. ಬೊಮ್ಮಿ ಬಂದರದಮ್ಮನ ಬಳಿ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಂದರದಮ್ಮ ಎಂದರೆ ದ್ವೀಪದ ಹಿರಿಯಳು. ಮೂರು ಓಣಿಗಳ ಕೀಲಿ ಅವಳದು, ಮೂರು ದೊರೆಗಳ ಓಲೆಗೂ ಅವಳೇ ಉತ್ತರ ಕೊಡಬೇಕು. ಬೊಮ್ಮಿ ಹೋದದ್ದೇನೋ ಹೌದು. ಬಂದರದಮ್ಮ ಬಾವಿಕಟ್ಟೆಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದಳು. ಬೊಮ್ಮಿ ಕೇಳಿದ್ದು ಬೇರೆಯದೇ ಮಾತು.

"ಅಮ್ಮಾ, ದಾರಿ ಬಲ್ಲವರು ಯಾರಾದರೂ ಆಚೆ ದಡಕ್ಕೆ ಹೋಗಿಬಿಟ್ಟರೆ ಏನಾಗುತ್ತದೆ? ಬಾಯಿ ಬಿಡೋದಿಲ್ಲ. ಸುಮ್ಮನೆ ಅಲ್ಲಿ ಬದುಕಿರುತ್ತಾರೆ, ಅಷ್ಟೇ."

ಬಂದರದಮ್ಮ ತಲೆಯೆತ್ತದೆ ಹೇಳಿದಳು. "ಬಾಯಿ ಬಿಟ್ಟರೆ ಏನು, ಬಿಡದಿದ್ದರೆ ಏನು? ಬಡಗಣದವರ ಹತ್ತಿರ ದಾರಿಗಾತಿ ಇದ್ದಾಳಂತೆ ಅನ್ನೋ ಸುದ್ದಿ ತೆಂಕಣಕ್ಕೆ ಮುಟ್ಟಿದರೆ ಸಾಕು. ಅವರು ಆಮೇಲೆ ಕಾಯೋದಿಲ್ಲ. ತಮಗೆ ಸಿಗದ ಬಂದರು ಇನ್ನೊಬ್ಬರಿಗೂ ಬೇಡ ಅಂತ ಸುಟ್ಟೇ ಹೋಗುತ್ತಾರೆ. ನಾವು ಉಳಿದಿರೋದು ನಮ್ಮ ಗುಟ್ಟಿನಿಂದಲ್ಲ ಮಗಳೇ. ನಮ್ಮ ಗುಟ್ಟು ಯಾರಿಗೂ ಸಿಕ್ಕಿಲ್ಲ ಅಂತ ಮೂವರೂ ನಂಬಿದ್ದಾರಲ್ಲ, ಅದರಿಂದ."

ಬೊಮ್ಮಿ ಬಾವಿಯೊಳಗೆ ಬಗ್ಗಿ ನೋಡಿದಳು.

"ಕಣ್ಣಿಗೆ ನಂದಿಬಟ್ಟಲು ಹೂವಿನ ನೀರು ಬಿಡು" ಎಂದಳು ಬಂದರದಮ್ಮ. "ಕೆಂಪಗಾಗಿದೆ."

ಮಳೆಗಾಲ ಮುಗಿದು ಕಡಲು ತೆರೆದಾಗ ಅವನು ಬಂದ. ಈ ಸಲ ಅವನ ಹಡಗಿನ ಹಿಂದೆ ಹನ್ನೊಂದು ಹಡಗುಗಳಿದ್ದವು. ಮೇಲುಹಲಗೆಯ ಮೇಲೆ ಎಣ್ಣೆಯ ಜಾಡಿಗಳ ಬದಲು ಈಟಿಗಳು ಸಾಲಾಗಿ ಒರಗಿದ್ದವು. ಶಂಖ ಮೂರು ಸಲ ಊದಿದರು. ಬೊಮ್ಮಿ ಹತ್ತಿದಾಗ ಚುಕ್ಕಾಣಿಗನ ಪಕ್ಕದಲ್ಲಿ ಬಡಗಣ ದಳವಾಯಿ ನಿಂತಿದ್ದ. ಚುಕ್ಕಾಣಿಗ ತಲೆಯೆತ್ತಲಿಲ್ಲ.

"ನಿಮ್ಮ ಕಟ್ಟಳೆ ನಮಗೆ ಗೊತ್ತು" ಎಂದ ದಳವಾಯಿ. "ಶಂಖ ಊದಿದವರನ್ನು ಕರೆದುಕೊಂಡು ಹೋಗಬೇಕು, ಒಳಗೆ ಏನಿದೆ ಅಂತ ಕೇಳಬಾರದು. ನಡಿ."

ಐದನೆಯ ತಿರುವಿನಲ್ಲಿ ತಪ್ಪು ಹೇಳಿದರೆ ಹನ್ನೆರಡೂ ಹಡಗು ಒಡೆಯುತ್ತವೆ. ಮೊದಲು ಒಡೆಯುವುದು ಈ ಹಡಗು. ದೂರದಲ್ಲಿ ಗುಡ್ಡದ ಮೇಲೆ ನೋಡಿದಳು. ಬಂದರದಮ್ಮನ ಬಿಳಿ ಬಟ್ಟೆ ಕಂಬದ ಮೇಲೆ ಹಾರುತ್ತಿತ್ತು. ಕರೆದು ತಾ ಎಂದು ಅದರ ಅರ್ಥ. ಹಾಗಾದರೆ ಅಮ್ಮ ಹಡಗುಗಳನ್ನು ನೋಡಿದ್ದಾಳೆ. ನೋಡಿಯೇ ಹೇಳಿದ್ದಾಳೆ. ಬೊಮ್ಮಿ ಉಸಿರೆಳೆದುಕೊಂಡು "ಎಡಕ್ಕೆ" ಎಂದಳು.

ಹನ್ನೊಂದನೆಯ ತಿರುವು ಕಳೆದು ಬಂದರು ತೆರೆದುಕೊಂಡಾಗ ದಳವಾಯಿಯ ಬಾಯಿಂದ ಬೈಗುಳ ಹೊರಟಿತು. ಬಂದರಿನ ಆ ಬದಿಯಿಂದ, ತೆಂಕಣ ಓಣಿಯ ಬಾಯಿಂದ, ತೆಂಕಣ ದೊರೆಯ ಹಡಗುಗಳು ಒಂದರ ಹಿಂದೊಂದು ಒಳಗೆ ಬರುತ್ತಿದ್ದವು. ಮುಂದಿನ ಹಡಗಿನಲ್ಲಿ ತೆಂಕಣ ಓಣಿಯ ಮುದುಕ ಕೈಕಟ್ಟಿಕೊಂಡು ನಿಂತಿದ್ದ. ಬಡಗಣದ ದಂಡು ಹೊರಟ ಸುದ್ದಿ ಕೇಳಿ ಅವರೂ ಬಂದಿದ್ದರು, ಅವರಿಗೂ ಬಿಳಿ ಬಟ್ಟೆ ಕಂಡಿತ್ತು.

ಎರಡು ದಂಡಿನ ಹಡಗುಗಳೂ ಆ ಸಣ್ಣ ಬಂದರಿನಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ನಿಂತವು. ಬೆಂಕಿ ಹಚ್ಚಿದರೆ ಯಾರ ಹಡಗು ಉರಿಯುತ್ತದೆ, ಯಾರದು ಉಳಿಯುತ್ತದೆ ಎಂದು ಹೇಳುವಂತಿರಲಿಲ್ಲ. ಅಷ್ಟರಲ್ಲಿ ನೀರು ಇಳಿಯತೊಡಗಿತು, ಮತ್ತೆ ಏರುವವರೆಗೆ ಯಾವ ಹಡಗೂ ಓಣಿ ದಾಟುವಂತಿರಲಿಲ್ಲ. ದಾರಿ ಬಲ್ಲವರು ಇಬ್ಬರೂ ತಮ್ಮ ತಮ್ಮ ದೋಣಿಗಿಳಿದು, ದಡಕ್ಕೆ ಬಂದು, ಗುಡ್ಡ ಹತ್ತಿ ಬಾವಿಕಟ್ಟೆಯ ಬಳಿ ಕೂತರು. ಪಡುವಣ ಓಣಿಯವನೂ ಅಲ್ಲಿದ್ದ. ಊರವರೆಲ್ಲ ಗುಡ್ಡದ ಮೇಲಿದ್ದರು. ಸದ್ದು ಮಾಡದಿರಲೆಂದು ಮಕ್ಕಳ ಬಾಯಿಗೆ ತಾಯಂದಿರು ಬೆಲ್ಲ ಇಟ್ಟಿದ್ದರು.

ಮಾರನೆಯ ಬೆಳಗ್ಗೆ ಬಂದರದಮ್ಮ ಒಬ್ಬಳೇ ಕೋಲೂರಿಕೊಂಡು ದಡಕ್ಕೆ ಇಳಿದಳು. ಬೊಮ್ಮಿ ಅವಳ ಹಿಂದೆ ಹೋದಳು. ಇಬ್ಬರು ದಳವಾಯಿಗಳೂ ತಮ್ಮ ತಮ್ಮ ಹಡಗಿನ ಮುಂಭಾಗಕ್ಕೆ ಬಂದರು.

"ನೀವಿಬ್ಬರೂ ನಮ್ಮ ಅತಿಥಿಗಳು, ಅಣ್ಣಂದಿರಾ" ಎಂದಳು ಬಂದರದಮ್ಮ. "ಬಾವಿ ಒಂದೇ, ಇಬ್ಬರಿಗೂ ಸಮನಾಗಿ ನೀರು ಕೊಡುತ್ತೇವೆ. ಎಷ್ಟು ದಿನ ಬೇಕಾದರೂ ಇರಿ. ಆದರೆ ನಿಮ್ಮ ಹಡಗುಗಳೆಲ್ಲ ಇಲ್ಲಿವೆ, ನಿಮ್ಮ ದಡಗಳು ಬರಿದಾಗಿವೆ. ಪಡುವಣದವರಿಗೆ ಸುದ್ದಿ ಮುಟ್ಟೋದಕ್ಕೆ ಇನ್ನು ಮೂರು ದಿನ. ಇಬ್ಬರೂ ಕೂತು ಮಾತಾಡುತ್ತೀರಿ ಅಂದರೆ ದಾರಿ ತೋರಿಸುವವರು ಇಳಿದು ಬರುತ್ತಾರೆ. ಇಲ್ಲವಾದರೆ ಅವರು ಗುಡ್ಡದ ಮೇಲೇ ಇರುತ್ತಾರೆ. ಕುತ್ತಿಗೆಗೆ ಕತ್ತಿ ಇಟ್ಟು ಕರೆತಂದರೆ ಐದನೇ ತಿರುವಲ್ಲಿ ಏನು ಹೇಳುತ್ತಾರೋ ನಾನು ಬಲ್ಲೆನೆ?"

ಬಡಗಣ ದಳವಾಯಿ ನಕ್ಕ. ತಿರುಗಿ ಚುಕ್ಕಾಣಿಗನ ಭುಜಕ್ಕೆ ಕೈ ಹಾಕಿ ಮುಂದಕ್ಕೆ ಎಳೆದ.

"ನಿಮ್ಮ ದಾರಿಗಾತಿ ನಮಗೆ ಬೇಕಾಗಿಲ್ಲ. ಇವನು ಎಂಟು ವರ್ಷದಿಂದ ಈ ಓಣಿಯಲ್ಲಿ ಬಂದು ಹೋಗುತ್ತಿದ್ದಾನೆ. ಅದಕ್ಕೇ ಇವನನ್ನು ಆರಿಸಿ ತಂದಿದ್ದೇನೆ. ನೀರು ಏರಿದ ಕೂಡಲೇ ಇವನು ನಮ್ಮನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ. ನಾಳೆ ಇನ್ನೂ ಇಪ್ಪತ್ತು ಹಡಗು ಒಳಗೆ ತರುತ್ತಾನೆ. ಏನೋ, ತರುತ್ತೀಯಲ್ಲ?"

ತೆಂಕಣ ದಳವಾಯಿ ಕತ್ತಿಯ ಹಿಡಿಗೆ ಕೈ ಹಾಕಿದ. ಅವನ ಹಿಂದೆ ಯಾರೋ ಪಂಜು ಹೊತ್ತಿಸಿದರು. ಚುಕ್ಕಾಣಿಗ "ಹೂಂ" ಎಂದರೆ ಅಲ್ಲಿಗೆ ಮುಗಿಯಿತು. ಬಂದರು ಉರಿಯುತ್ತದೆ, ಬಾವಿಗೆ ಹೆಣ ಬೀಳುತ್ತದೆ. ಅದು ಬೊಮ್ಮಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇನ್ನೊಂದು ವಿಷಯವೂ ಇಬ್ಬರಿಗೆ ಗೊತ್ತಿತ್ತು. ಅವನು ದಾರಿ ತೋರಿಸಿದರೆ, ಉರಿದು ಉಳಿದ ಬಂದರು ಬಡಗಣ ದೊರೆಯದಾದೀತು. ಆಗ ಕೊನೆಬಂಡೆ ಇರುವುದಿಲ್ಲ, ಬೊಗಸೆಯ ಕಟ್ಟಳೆ ಇರುವುದಿಲ್ಲ, ಅವಳು ಇಳಿಯಬೇಕಾಗಿಯೇ ಇರುವುದಿಲ್ಲ. ಒಂದೇ ಒಂದು ಕ್ಷಣ, ಬೊಮ್ಮಿಯ ಮನಸ್ಸು ಆ ಕಡೆ ಹೋಯಿತು. ಹೋದದ್ದನ್ನು ಅವಳು ಸಾಯುವವರೆಗೂ ಮರೆಯಲಿಲ್ಲ.

ಅವನು ಅವಳ ಮುಖ ನೋಡಿದ.

"ನನಗೆ ಓಣಿ ಗೊತ್ತಿಲ್ಲ, ಒಡೆಯಾ" ಎಂದ.

"ಏನಂದೆ?"

"ಗೊತ್ತಿಲ್ಲ. ಎಂಟು ವರ್ಷ ನಾನು ನೀರು ನೋಡಲಿಲ್ಲ. ಅವಳ ಮುಖ ನೋಡುತ್ತಿದ್ದೆ. ತಪ್ಪಾಯಿತು."

ಮೊದಲು ನಕ್ಕವರು ತೆಂಕಣದವರು. ಆಮೇಲೆ ಬಡಗಣದ ಹಡಗುಗಳಲ್ಲೂ ನಗು ಹಬ್ಬಿತು. ಪಂಜು ಹಿಡಿದವನೂ ನಕ್ಕ. ದಳವಾಯಿ ಮಾತ್ರ ನಗಲಿಲ್ಲ. ಅವನು ಚುಕ್ಕಾಣಿಗನ ಕೆನ್ನೆಗೆ ಹೊಡೆದ. ಇನ್ನೊಂದು ಸಲ ಹೊಡೆದ. ಚುಕ್ಕಾಣಿಗ ಕೆಳಗೆ ಬಿದ್ದು, ಎದ್ದು, ಬಾಯಿಯ ರಕ್ತ ಒರೆಸಿಕೊಂಡು ಮತ್ತೆ ಚುಕ್ಕಾಣಿಯ ಪಕ್ಕದಲ್ಲೇ ಹೋಗಿ ನಿಂತ. ಬೊಮ್ಮಿ ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದು ನೋಡಿದಳು. ಗುಡ್ಡದ ಮೇಲಿದ್ದ ಹೆಂಗಸರು ಅದು ನಾಚಿಕೆಯಿಂದ ಎಂದುಕೊಂಡರು.

ಅಂದು ಮಧ್ಯಾಹ್ನ ಇಬ್ಬರು ದಳವಾಯಿಗಳೂ ಬಾವಿಕಟ್ಟೆಗೆ ಬಂದು ಕೂತರು. ಮೂರು ದಿನದ ಮಾತು ಒಂದೇ ಹೊತ್ತಿನಲ್ಲಿ ಮುಗಿಯಿತು. ಬಂದರು ಯಾರದೂ ಅಲ್ಲ ಎಂದಾಯಿತು. ಈಟಿಯಿರುವ ಹಡಗು ಕೊನೆಬಂಡೆ ದಾಟಬಾರದು ಎಂದಾಯಿತು. ಪಡುವಣದವರಿಗೂ ಇದೇ ಮಾತನ್ನು ಬಂದರದಮ್ಮ ಒಪ್ಪಿಸಬೇಕು ಎಂದಾಯಿತು. ಏಳುವ ಹೊತ್ತಿಗೆ ತೆಂಕಣ ದಳವಾಯಿ ಗಡ್ಡ ನೀವಿಕೊಳ್ಳುತ್ತ ಹೇಳಿದ.

"ಇನ್ನೊಂದು ಮಾತಿದೆ. ಈ ಮಂಕ ಮುಖ ನೋಡಿದ, ಸರಿ. ಎಲ್ಲರೂ ಮುಖ ನೋಡುತ್ತಾರಾ? ಎಂಟು ವರ್ಷ ಬಂದು ಹೋದರೆ ಕತ್ತೆಗೂ ದಾರಿ ಗೊತ್ತಾಗುತ್ತೆ. ಒಂದು ಸಲ ಓಣಿಯೊಳಗೆ ಬಂದ ಚುಕ್ಕಾಣಿಗ ಎರಡನೇ ಸಲ ಬರಬಾರದು. ಯಾವ ದಡದವನೇ ಆಗಲಿ. ಬಂದರೆ ಅವನ ತಲೆ ಹೋಗಬೇಕು."

"ಆಗಲಿ" ಎಂದ ಬಡಗಣ ದಳವಾಯಿ. ಆ ಚುಕ್ಕಾಣಿಗನ ಮುಖ ಇನ್ನೊಮ್ಮೆ ನೋಡುವ ಆಸೆ ಅವನಿಗೂ ಇರಲಿಲ್ಲ.

ಬಂದರದಮ್ಮ ದಾರಿ ಬಲ್ಲ ಮೂವರನ್ನೂ ಎದುರಿಗೆ ನಿಲ್ಲಿಸಿದಳು. "ಇವರೆದುರು ಹೇಳಿ. ನಿಮ್ಮ ನಿಮ್ಮ ಓಣಿ, ನಿಮ್ಮ ಮನೆಯ ಹೊರಗೆ ಯಾರಿಗಾದರೂ ಗೊತ್ತೇ?"

"ಇಲ್ಲ" ಎಂದ ತೆಂಕಣ ಓಣಿಯ ಮುದುಕ. "ಇಲ್ಲ" ಎಂದ ಪಡುವಣ ಓಣಿಯವನು.

ಬೊಮ್ಮಿ ಬಾವಿಕಟ್ಟೆಯ ಕಲ್ಲನ್ನು ನೋಡುತ್ತ "ಇಲ್ಲ" ಎಂದಳು.

ಮರುದಿನ ಏರುನೀರಿಗೆ ಹಡಗುಗಳು ಹೊರಟವು. ದಳವಾಯಿ ಸಿಟ್ಟಿನಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಮುಂದಿನ ಹಡಗಿನ ಚುಕ್ಕಾಣಿಯ ಬಳಿ ಇಬ್ಬರೇ. ಹಡಗು ಮೊದಲ ತಿರುವಿಗೆ ಬಂತು. ಬೊಮ್ಮಿ ಏನೂ ಹೇಳಲಿಲ್ಲ. ತುಟಿಯನ್ನೂ ಕಚ್ಚಲಿಲ್ಲ. ಕೈಕಟ್ಟಿಕೊಂಡು ಅವನ ಪಕ್ಕದಲ್ಲಿ ನಿಂತಳು. ಅವನು ಒಮ್ಮೆ ಅವಳ ಕಡೆ ತಿರುಗಿ, ಆಮೇಲೆ ನೀರಿನ ಕಡೆ ತಿರುಗಿ ಚುಕ್ಕಾಣಿ ಹೊರಳಿಸಿದ. ಹನ್ನೊಂದು ತಿರುವನ್ನೂ ಅವನೇ ದಾಟಿಸಿದ. ಅವಳು ಮೊಟ್ಟಮೊದಲ ಬಾರಿಗೆ ತನ್ನ ಓಣಿಯನ್ನು ಸುಮ್ಮನೆ ಕಣ್ತುಂಬ ನೋಡಿದಳು. ಅಷ್ಟು ಹಸಿರಾಗಿತ್ತು ನೀರು, ಇಷ್ಟು ವರ್ಷ ಅವಳಿಗೆ ಬಂಡೆಗಳಷ್ಟೇ ಕಂಡಿದ್ದವು. ಅವರ ಹಿಂದೆ ಹನ್ನೊಂದು ಹಡಗುಗಳು ಏನೂ ತಿಳಿಯದೆ ಅದೇ ಜಾಡಿನಲ್ಲಿ ಬಂದವು.

ಕೊನೆಬಂಡೆ ಬಂತು.

"ನನ್ನ ಹೆಸರು..." ಎಂದ ಅವನು.

"ಹೇಳಬೇಡ" ಎಂದಳು ಬೊಮ್ಮಿ. "ಗೊತ್ತಾದರೆ ಕೂಗಬೇಕೆನಿಸುತ್ತದೆ."

"ಇನ್ನೊಂದು ಹೆಜ್ಜೆ ಇಟ್ಟರೆ ಆಚೆ ದಡ. ನೀನು ಇಳಿಯದಿದ್ದರೆ ಈಗ ತಡೆಯುವವರು ಯಾರೂ ಇಲ್ಲ."

"ಗೊತ್ತು. ನೀನು ಹೊಡೆತ ತಿಂದದ್ದು ನಾನು ಇಳಿಯಲಿ ಅಂತಲೇ ಅಲ್ಲವಾ?"

ಅವನು ತಲೆ ತಗ್ಗಿಸಿದ. ಅವಳು ಇಳಿದಳು.

ಬಂಡೆಯ ಮೇಲೆ ಮೊಣಕಾಲೂರಿದಳು. ಕಂಡದ್ದು ನೀರಿಗೆ ಎಂದು ಮೊದಲನೆಯ ಬೊಗಸೆ ಬಿಟ್ಟಳು. ಕೇಳಿದ್ದು ನೀರಿಗೆ ಎಂದು ಎರಡನೆಯದನ್ನು ಬಿಟ್ಟಳು. ಮೂರನೆಯ ಬೊಗಸೆಯನ್ನು ಬೆರಳು ಬಿಗಿಯಾಗಿ ಹಿಡಿದು ಎತ್ತಿದಳು. ಒಂದು ಹನಿಯೂ ಸೋರಲಿಲ್ಲ. ಹಾಯಿ ಕರಗುವವರೆಗೂ ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಅದನ್ನು ಕುಡಿದುಬಿಟ್ಟಳು. ಉಪ್ಪಿಗೆ ಗಂಟಲು ಉರಿಯಿತು. ಎರಡು ದಿನ ಮನೆಯಲ್ಲಿ ಏನೂ ತಿನ್ನಲಾಗಲಿಲ್ಲ.

ಅಲ್ಲಿಂದಾಚೆಗೆ ದ್ವೀಪ ನೆಮ್ಮದಿಯಾಗಿ ಬಾಳಿತು. ಮೂರೂ ದಡದವರು ಅಲ್ಲಿಗೆ ಬಂದು ಒಬ್ಬರ ಸರಕನ್ನು ಇನ್ನೊಬ್ಬರಿಗೆ ಮಾರುತ್ತಿದ್ದರು, ಒಂದೇ ಬಾವಿಯ ನೀರು ಕುಡಿಯುತ್ತಿದ್ದರು, ತಮ್ಮ ತಮ್ಮ ದಡಕ್ಕೆ ಹೋಗಿ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಪ್ರತಿ ಹಡಗಿನಲ್ಲೂ ಹೊಸ ಚುಕ್ಕಾಣಿಗ. ಕೆಲವರು ಎಳೆಯರು, ಕೆಲವರು ಮುದುಕರು. ಎಲ್ಲರೂ ಬೊಮ್ಮಿಯ ಪಕ್ಕದಲ್ಲಿ ಒಂದೇ ಒಂದು ಸಲ ನಿಂತು ಹೋದರು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಕೇಳಬೇಕೆಂದರೂ ಯಾವ ಹೆಸರು ಹಿಡಿದು ಕೇಳುವುದು?

ಹನ್ನೆರಡನೆಯ ವರ್ಷ ದೊಡ್ಡ ಬಿರುಗಾಳಿ ಬಂತು. ಮೂರು ಹಗಲು ಕಡಲು ಗುಡ್ಡದಂತೆ ಎದ್ದು ನಿಂತು ಕುಸಿಯಿತು. ಗಾಳಿ ನಿಂತ ಮೇಲೆ ಬೊಮ್ಮಿ ದೋಣಿ ತೆಗೆದುಕೊಂಡು ಹೋಗಿ ನೋಡಿದರೆ ಬಡಗಣ ಓಣಿಯೇ ಇರಲಿಲ್ಲ. ಮೂರನೆಯ ತಿರುವಿನಿಂದ ಒಂಬತ್ತನೆಯದರವರೆಗೂ ಮರಳು ತುಂಬಿ ದಿಬ್ಬವಾಗಿತ್ತು. ಅದರ ಪೂರ್ವಕ್ಕೆ, ಮೊದಲು ಬಂಡೆಗಳಿದ್ದ ಕಡೆ, ನೀರು ಹೊಸ ದಾರಿ ಕೊರೆದಿತ್ತು. ಒಂದು ತಿಂಗಳು ಪೂರ್ತಿ ಅವಳು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡಿ ನೋಡಿ ಹೊಸ ಓಣಿಯನ್ನು ಕಲಿತಳು. ಅದಕ್ಕೆ ಏಳೇ ತಿರುವು.

ಕಲಿತು ಮುಗಿದ ದಿನ ಅವಳಿಗೆ ಹೊಳೆಯಿತು. ಅವನಿಗೆ ಗೊತ್ತಿದ್ದ ಓಣಿ ಈಗ ಇಲ್ಲ. ಅವನು ಈಗ ಓಣಿ ಬಲ್ಲವನಲ್ಲ. ಎಲ್ಲರಂತೆ ಅವನೂ ಹೊಸಬ. ಬಂದರೆ ಯಾರಿಗೂ ಕೇಡಿಲ್ಲ. ಅಂದು ರೊಟ್ಟಿ ತಟ್ಟುವಾಗ ಅವಳ ಕೈ ನಿಲ್ಲುತ್ತಿರಲಿಲ್ಲ. ಒಬ್ಬಳಿಗೆ ಆರು ರೊಟ್ಟಿ ತಟ್ಟಿಬಿಟ್ಟಿದ್ದಳು.

ವರ್ಷಕ್ಕೊಮ್ಮೆ ಮೂರು ದಡದ ದೂತರು ಬಾವಿಕಟ್ಟೆಯಲ್ಲಿ ಸೇರಿ ಒಪ್ಪಂದವನ್ನು ಮತ್ತೆ ಬಾಯಿಬಿಟ್ಟು ಹೇಳುವುದು ವಾಡಿಕೆ. ಬಂದರದಮ್ಮನಿಗೆ ಆಗಲೇ ಬೆನ್ನು ಬಾಗಿತ್ತು. ಎಲ್ಲ ಮುಗಿದು ದೂತರು ಏಳುವ ಹೊತ್ತಿಗೆ ಬೊಮ್ಮಿ ಮುಂದೆ ಬಂದಳು.

"ಒಡೆಯರೇ, ಬಡಗಣ ಓಣಿ ಮುಚ್ಚಿಹೋಗಿದೆ. ಈಗಿರೋದು ಹೊಸದು. ಹಳೇ ಓಣಿಯಲ್ಲಿ ಬಂದಿದ್ದ ಚುಕ್ಕಾಣಿಗರು ಇನ್ನು ಬಂದರೆ ತೊಂದರೆ ಏನೂ ಇಲ್ಲ. ಅವರ ಮೇಲಿನ ಕಟ್ಟು ತೆಗೆಯಬಹುದಲ್ಲ?"

ಬಡಗಣದ ದೂತ ಭುಜ ಹಾರಿಸಿದ. ಅವನಿಗೆ ಇದು ದೊಡ್ಡ ವಿಷಯವೇ ಅಲ್ಲ. ಆದರೆ ತೆಂಕಣದ ದೂತ ಚೂಪು ಕಣ್ಣಿನ ಮನುಷ್ಯ. ಅವನು ಮತ್ತೆ ಕೂತುಕೊಂಡ.

"ತಾಯೀ, ಕಟ್ಟು ಹಾಕಿದ್ದು ಓಣಿ ಕಲಿತಾರು ಅಂತ. ಯಾರೂ ಕಲಿತಿಲ್ಲ ಅಂತ ನೀವು ಮೂವರೂ ಅಂದೇ ಹೇಳಿದ್ದೀರಿ. ಕಲಿಯದವನಿಗೆ ಓಣಿ ಹಳೆಯದಾದರೇನು, ಹೊಸದಾದರೇನು? ಓಣಿ ಬದಲಾದದ್ದರಿಂದ ಈಗ ಬರಬಹುದು ಅನ್ನೋದಾದರೆ, ಆಗ ಬರಬಾರದವನು ಒಬ್ಬ ಇದ್ದ ಅಂತಾಯಿತು. ಹಳೇ ಓಣಿ ಯಾರಿಗೆ ಗೊತ್ತಿತ್ತು?"

ಬಾವಿಯ ರಾಟೆ ಗಾಳಿಗೆ ಕಿರುಗುಟ್ಟಿತು. ಬಂದರದಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಆಚೆ ದಡದಲ್ಲಿ ಯಾವುದೋ ನದಿಯ ಪಕ್ಕ ಒಬ್ಬ ಮನುಷ್ಯ ಬದುಕಿದ್ದರೆ, ಅವನು ತನ್ನ ದೊರೆಗೆ ಸುಳ್ಳು ಹೇಳಿದವನು. ಆ ಸುಳ್ಳಿನ ಮೇಲೆ ಹನ್ನೆರಡು ವರ್ಷದಿಂದ ಈ ದ್ವೀಪ ನಿಂತಿತ್ತು.

"ಯಾರಿಗೂ ಗೊತ್ತಿರಲಿಲ್ಲ, ಒಡೆಯಾ" ಎಂದಳು ಬೊಮ್ಮಿ. "ತಿಳಿಯದೆ ಕೇಳಿದೆ. ಕಟ್ಟು ಹಾಗೇ ಇರಲಿ."

ದೂತ ಅವಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಹೋದ.

ಮರುದಿನ ಬೆಳಗ್ಗೆ ನೀರು ಪೂರ್ತಿ ಇಳಿದಿತ್ತು. ಬೊಮ್ಮಿ ದೋಣಿ ನಡೆಸಿಕೊಂಡು ಮರಳುದಿಬ್ಬಕ್ಕೆ ಹೋದಳು. ದೋಣಿಯನ್ನು ಅಂಚಿಗೆ ಎಳೆದಿಟ್ಟು ನಡೆಯತೊಡಗಿದಳು. ಮೂರನೆಯ ತಿರುವಿದ್ದ ಜಾಗದಲ್ಲಿ ಎಡಕ್ಕೆ ತಿರುಗಿದಳು. ನಾಲ್ಕನೆಯದರಲ್ಲಿ ಬಲಕ್ಕೆ. ಬಯಲಾಗಿ ಬಿದ್ದ ಮರಳಿನ ಮೇಲೆ ನೆಟ್ಟಗೆ ನಡೆಯಬಹುದಿತ್ತು. ಆದರೂ ಅವಳು ಹಾವು ಹರಿದಂತೆ ಸುತ್ತಿ ಸುತ್ತಿ ನಡೆದಳು. ನಡೆಯುತ್ತ ಸಣ್ಣ ದನಿಯಲ್ಲಿ "ಹಿಡಿ" ಎಂದಳು, "ಬಿಡು" ಎಂದಳು. ಐದನೆಯ ತಿರುವಿನಲ್ಲಿ ನಿಂತು ಬಡಗಣ ದಿಕ್ಕಿಗೆ ನೋಡಿದಳು. ಮಂಜಿತ್ತು. ಆ ತೆಳುಗೆರೆಯೂ ಇರಲಿಲ್ಲ.

ದ್ವೀಪದ ಹೆಂಗಸರು ಆಗಲೇ ಆ ದಿಬ್ಬವನ್ನು ಕಂಡುಕೊಂಡಿದ್ದರು. ಐದಾರು ಜನ ಬುಟ್ಟಿ ಹಿಡಿದು, ಮರಳು ಕೆದಕಿ ಚಿಪ್ಪು ಆಯುತ್ತಿದ್ದರು. ಹೊಸದಾಗಿ ಮದುವೆಯಾಗಿದ್ದ ಒಬ್ಬಳು ತಲೆಯೆತ್ತಿ ಕೂಗಿದಳು.

"ಬೊಮ್ಮಕ್ಕಾ, ಏನು ಹುಡುಕುತ್ತಿದ್ದೀಯ? ಆ ಕಡೆ ಏನೂ ಇಲ್ಲ, ಇಲ್ಲಿ ಬಾ. ಇಲ್ಲಿ ದಪ್ಪ ದಪ್ಪ ಸಿಗುತ್ತಿವೆ."

ಬೊಮ್ಮಿ ಹೋದಳು. ಸೀರೆ ಎತ್ತಿ ಕಟ್ಟಿ ಅವರ ಜೊತೆ ಕುಕ್ಕರುಗಾಲಲ್ಲಿ ಕೂತು ಮರಳಿಗೆ ಕೈ ಹಾಕಿದಳು. ಒಳಗಿನ ಮರಳು ಇನ್ನೂ ತಣ್ಣಗಿತ್ತು.

"ಇಲ್ಲಿ ಮೊದಲು ಏನಿತ್ತಕ್ಕ?" ಎಂದು ಕೇಳಿದಳು ಆ ಹುಡುಗಿ.

"ನೀರಿತ್ತು."

"ಆಳ ಇತ್ತಾ?"

ಬೊಮ್ಮಿ ಒಂದು ಚಿಪ್ಪನ್ನು ಮೇಲೆತ್ತಿ, ಮರಳು ಒರೆಸಿ, ಹುಡುಗಿಯ ಬುಟ್ಟಿಗೆ ಹಾಕಿದಳು.

"ಇತ್ತು" ಎಂದಳು. "ತುಂಬ ಆಳ ಇತ್ತು."